ಫಲಕದ ಮೀನು ನಮ್ಮಲ್ಲಿ ಸಿಗುವುದಿಲ್ಲ

ಆಹಾರ ಗುಣಮಟ್ಟ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ಈ ಲೋಕದಲ್ಲೇ ಇಲ್ಲದ ಒಂದು ಮೀನನ್ನು ಮಾರಲಿಲ್ಲ ಎಂಬ ಕಾರಣಕ್ಕೆ ನೀವು ನನ್ನ ಅತ್ತಿಗೆಯ ಮೀನಿನ ಕಟ್ಟೆಯನ್ನು ಮುಚ್ಚಿಸಿ ಇಂದಿಗೆ ಹತ್ತೊಂಬತ್ತು ದಿನವಾಯಿತು. ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಕೊಠಡಿಯಲ್ಲಿ ವಿಚಾರಣೆ. ಅಂದು ಅವರು ತಪ್ಪಾಯಿತೆಂದು ಬರೆದುಕೊಡದಿದ್ದರೆ ಪರವಾನಗಿ ರದ್ದು. ಮೂವತ್ತೊಂದು ವರ್ಷ ಅವರು ಕೂತ ಕಟ್ಟೆ ಬೇರೆಯವರ ಪಾಲು. ನೋಟಿಸು ಎರಡು ಪುಟವಿದೆ. ಕಾಗದ ಒಳ್ಳೆಯದು, ಭಾಷೆ ಅದಕ್ಕಿಂತ ಒಳ್ಳೆಯದು. "ಇಲಾಖೆಯ ಅಧಿಕೃತ ಪೌಷ್ಟಿಕ ಮಾಹಿತಿಯನ್ನು ಸಾರ್ವಜನಿಕವಾಗಿ ಅಪಹಾಸ್ಯಕ್ಕೆ ಗುರಿಪಡಿಸಿರುವುದು" ಎಂಬ ಸಾಲನ್ನು ನಾನು ಮೂರು ಸಲ ಓದಿದೆ. ಇಷ್ಟು ಚೆಂದದ ಸಾಲು ಬರೆಯಬಲ್ಲ ಕಚೇರಿಗೆ ಎರಡು ಬಗೆಯ ಮೀನನ್ನು ಎರಡು ಎಂದು ಎಣಿಸಲು ಬಾರದೆ ಹೋದದ್ದು ಹೇಗೆ ಎಂಬುದೇ ಈ ಪತ್ರದ ವಿಷಯ.

ನಡೆದದ್ದೇನೆಂದು ಈ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ನೀವೂ ಒಮ್ಮೆ ಕೇಳಿಸಿಕೊಂಡರೆ ನಷ್ಟವಿಲ್ಲ. ನಾಲ್ಕು ತಿಂಗಳ ಹಿಂದೆ ನಿಮ್ಮ ಇಲಾಖೆ ಒಂದು ಪೌಷ್ಟಿಕ ಫಲಕವನ್ನು ಅಚ್ಚು ಹಾಕಿಸಿ, ಮೀನು ಮಾರುವ ಪ್ರತಿಯೊಬ್ಬರೂ ಅದನ್ನು ಗಿರಾಕಿಗಳ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂದು ಆದೇಶ ಹೊರಡಿಸಿತು. ನೀಲಿ ಬಣ್ಣದ ಫಲಕ, ನಡುವೆ ಒಂದು ಮೀನಿನ ಚಿತ್ರ. ಕೆಳಗೆ, "ನೂರು ಗ್ರಾಂ ಮೀನಿನಲ್ಲಿ ಒಮೇಗಾ-3 ಕೊಬ್ಬಿನಾಮ್ಲ: ಒಂದು ಗ್ರಾಂ." ಅದರ ಕೆಳಗೆ ದಪ್ಪ ಅಕ್ಷರದಲ್ಲಿ, "ಕೆರೆಯದೋ ಕಡಲಿನದೋ, ಪೋಷಣೆ ಒಂದೇ." ಅತ್ತಿಗೆ ಆದೇಶ ಮೀರುವ ಪೈಕಿಯಲ್ಲ. ಫಲಕವನ್ನು ತಂದು, ಮೊಳೆ ಹೊಡೆದು, ಕಟ್ಟೆಯ ಹಿಂದಿನ ಗೋಡೆಗೆ ನೆಟ್ಟಗೆ ತೂಗುಹಾಕಿದರು. ನಾಲ್ಕು ದಿನ ಮೀನು ಕೊಯ್ಯುತ್ತಾ ಅದನ್ನು ನೋಡಿದರು. ಐದನೆಯ ದಿನ ಅದರ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: "ಫಲಕದ ಮೀನು ನಮ್ಮಲ್ಲಿ ಸಿಗುವುದಿಲ್ಲ."

ಇಷ್ಟೇ ಅಪರಾಧ. ನಿಮ್ಮ ತಪಾಸಣಾಧಿಕಾರಿ ಬಂದಾಗ ಅಲ್ಲೇನು ಮಾತಾಯಿತು ಎಂಬುದನ್ನು ಅವರು ವರದಿಯಲ್ಲಿ "ಉದ್ಧಟತನದ ಉತ್ತರ" ಎಂದು ಎರಡೇ ಪದದಲ್ಲಿ ಮುಗಿಸಿದ್ದಾರೆ. ಉತ್ತರ ಹೀಗಿತ್ತು.

"ಇದೇನಮ್ಮ ಬರೆದಿರೋದು?"

"ಇಲ್ಲದ ಮಾಲು ಇಲ್ಲ ಅಂತ ಬರೆದಿದೀನಿ ಸಾರ್. ಕೇಳ್ಕೊಂಡು ಬಂದೋರು ಸುಮ್ನೆ ಕಾಯಬಾರ್ದಲ್ಲ."

"ಇದು ಇಲಾಖೆ ಫಲಕ ಕಣಮ್ಮ. ಗೊತ್ತಾ?"

"ಫಲಕಕ್ಕೆ ನಾನೇನೂ ಅಂದಿಲ್ಲ ಸಾರ್. ಮೀನು ಇಲ್ಲ ಅಂದೆ, ಅಷ್ಟೇ. ನಿಮ್ಮತ್ರ ಇದ್ರೆ ಕಳಿಸ್ಕೊಡಿ, ಮಾರ್ತೀನಿ."

ಇದರಲ್ಲಿ ಉದ್ಧಟತನ ಎಲ್ಲಿದೆ ಎಂದು ನಾನು ಹುಡುಕಿದೆ. ಸಿಕ್ಕಿದ್ದು ವ್ಯಾಪಾರದ ನಿಯತ್ತು ಮಾತ್ರ. ಆ ಮೀನು ಇದ್ದಿದ್ದರೆ ಅವರು ಖಂಡಿತ ಮಾರುತ್ತಿದ್ದರು. ಆದರೆ ಅದು ಇಲ್ಲ. ಯಾವ ಬಲೆಗೂ ಬಿದ್ದಿಲ್ಲ, ಯಾವ ಹೊಂಡದಲ್ಲೂ ಬೆಳೆದಿಲ್ಲ. ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಮೀನನ್ನು ಮಾಡಿದವಳು ನಾನು.

ಹೌದು, ಮಾನ್ಯರೇ. ನೀವು ನಾಲ್ಕನೆಯ ಮಹಡಿಯಲ್ಲಿ ಕೂರುವ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಹಿಂದೆ, ಕಿಟಕಿಗೆ ಕಬ್ಬಿಣದ ಜಾಲರಿ ಇರುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಮಾದರಿ ತಯಾರಿಸುವ ಸಹಾಯಕಿ ನಾನು. ನೀವು ನನ್ನನ್ನು ನೋಡಿರಲಾರಿರಿ. ಲಿಫ್ಟು ನನ್ನ ಬಾಗಿಲ ಮುಂದೆ ನಿಲ್ಲುವುದಿಲ್ಲ. ಬಂದ ಮೀನನ್ನು ತೂಗಿ, ಚರ್ಮ ಸುಲಿದು, ಮುಳ್ಳು ಬಿಡಿಸಿ, ಮಿಕ್ಸರಿನಲ್ಲಿ ಅರೆದು, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಮೇಲಿನ ಮಹಡಿಯ ಯಂತ್ರ ಅದರ ಕೊಬ್ಬನ್ನು ಬಿಡಿಬಿಡಿಸಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂದು ಹೇಳುತ್ತದೆ. ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೆ ಕೊಟ್ಟದ್ದನ್ನು ಅದು ಅಳೆಯುತ್ತದೆ. ಕೊಡುವವರ ತಲೆಯಲ್ಲಿ ಏನಿದೆಯೆಂದು ಅಳೆಯುವ ಯಂತ್ರ ನಮ್ಮ ಇಲಾಖೆಗೆ ಇನ್ನೂ ಬಂದಿಲ್ಲ.

ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಐದು ಬಗೆಯ ಮೀನು ಬಂದವು. ಕಡಲಿನವು ಮೂರು: ಬಂಗುಡೆ, ಬೂತಾಯಿ, ಮತ್ತೊಂದು ಬಿಳಿ ಮೀನು. ಹೊಂಡದಲ್ಲಿ ಸಾಕಿದವು ಎರಡು: ಗೆಂಡೆ ಮತ್ತು ತಿಲಾಪಿಯಾ. ಜೊತೆಗೆ ಒಂದು ಫಾರಂ. ಫಾರಂನಲ್ಲಿ ಹಾಲು, ಮೊಟ್ಟೆ, ಮಾಂಸ, ಮೀನು ಎಂದು ನಾಲ್ಕು ಸಾಲು. ಮೀನಿಗೆ ಒಂದೇ ಸಾಲು. "ಐದನ್ನೂ ಸಮಪ್ರಮಾಣದಲ್ಲಿ ಸೇರಿಸಿ ಒಂದು ಮಾದರಿ ಮಾಡಿ" ಎಂದು ಅಂಚಿನಲ್ಲಿ ಬರೆದಿತ್ತು. ನಾನು ನಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಕೇಳಿದೆ.

"ಸಾರ್, ಬೇರೆ ಬೇರೆ ಅರೀಲಾ? ಐದೂ ಒಂದೇ ಥರ ಇಲ್ಲ."

"ಕಾಲಂ ಒಂದೇ ಇದೆಯಲ್ಲಮ್ಮ. ಐದು ನಂಬರ್ ಬಂದ್ರೆ ಎಲ್ಲಿ ಬರೀಲಿ?"

"ಫಾರಂನಲ್ಲಿ ನಾಲ್ಕು ಗೆರೆ ಜಾಸ್ತಿ ಹಾಕಿದ್ರೆ ಆಯ್ತಲ್ಲ ಸಾರ್."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಫಾರಂ ಮೇಲಿಂದ ಬಂದಿರೋದು" ಎಂದರು.

ಮೇಲಿಂದ ಎಂದರೆ ನಿಮ್ಮಿಂದ. ಒಂದು ಹಾಳೆಯ ಮೇಲೆ ಗೆರೆ ಎಳೆಯುವ ಧೈರ್ಯ ಇಡೀ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ತಲೆ ತಗ್ಗಿಸಿಕೊಂಡು ಕೋಣೆಗೆ ಬಂದು ಐದನ್ನೂ ಅರೆದು ಒಂದು ಮಾಡಿದೆ. ಹಾಗೆ ಹುಟ್ಟಿತು ನಿಮ್ಮ ಫಲಕದ ಮೀನು. ಐದರಲ್ಲಿ ಮೂರು ಪಾಲು ಕಡಲು, ಎರಡು ಪಾಲು ಹೊಂಡ. ಅದರ ತವರು ನನ್ನ ಮಿಕ್ಸರು.

ಇಲ್ಲಿ ಪಾತ್ರೆ ತೊಳೆಯುವ ವಿಷಯ ಒಂದಿಷ್ಟು ಹೇಳಬೇಕು. ನಿಮಗೆ ಇದು ಕೆಳಮಟ್ಟದ ವಿಷಯ ಅನ್ನಿಸಬಹುದು, ಆದರೆ ನೆಲಮಹಡಿಯಲ್ಲಿ ನಮಗೆ ಸಿಗುವ ವಿಜ್ಞಾನ ಇದೇ. ಐದನ್ನೂ ಒಟ್ಟುಗೂಡಿಸುವ ಮೊದಲು ನಾನು ಒಂದೊಂದನ್ನೂ ಬೇರೆ ಬೇರೆಯಾಗಿ ಅರೆಯುತ್ತೇನೆ, ಬೇರೆ ಬೇರೆ ತಟ್ಟೆಯಲ್ಲಿ ತೆಗೆದಿಡುತ್ತೇನೆ. ನಮ್ಮ ಕೋಣೆ ತಣ್ಣಗಿರುತ್ತದೆ. ಗೆಂಡೆಯ ತಟ್ಟೆಯನ್ನು ಒಂದು ಗಂಟೆ ಬಿಟ್ಟು ನೋಡಿದರೆ ಅಂಚಿನಲ್ಲಿ ಬೆಳ್ಳನೆಯ ಕೊಬ್ಬು ಕಟ್ಟಿಕೊಂಡಿರುತ್ತದೆ, ಉಗುರಿನಿಂದ ಕೆರೆಯಬೇಕು. ಬೂತಾಯಿಯ ತಟ್ಟೆಯಲ್ಲಿ ಎಣ್ಣೆ ಎಣ್ಣೆಯಾಗಿಯೇ ಉಳಿದಿರುತ್ತದೆ, ತಟ್ಟೆ ಓರೆ ಮಾಡಿದರೆ ಹರಿಯುತ್ತದೆ, ಬೇಗ ಹಳಸಿ ನಾರುತ್ತದೆ. ತಣ್ಣಗಾದರೂ ಗಟ್ಟಿಯಾಗದ, ಗಾಳಿ ತಾಕಿದೊಡನೆ ಕೆಡುವ ಆ ಎಣ್ಣೆಯಲ್ಲೇ ಡಾಕ್ಟರುಗಳು ಹೃದಯಕ್ಕೆ ಒಳ್ಳೆಯದು ಎನ್ನುವ ಒಮೇಗಾ-3 ಹೆಚ್ಚಿರುವುದು. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಸೋಪಿನ ನೀರಿನಲ್ಲಿ ಕಲಿತೆ. ಅತ್ತಿಗೆ ನನಗಿಂತ ಮೊದಲೇ ಕಲಿತಿದ್ದರು. ಚಳಿಯ ಬೆಳಿಗ್ಗೆ ಸಾಕಿದ ಮೀನಿನ ಹೊಟ್ಟೆ ಸೀಳಿದರೆ ಕತ್ತಿಗೆ ಮೇಣ ಮೆತ್ತಿದಂತಾಗುತ್ತದೆ ಎಂದು ಅವರು ಯಾವಾಗಲೂ ಬೈದುಕೊಳ್ಳುತ್ತಿದ್ದರು.

ಹಾಗೆಂದು ಕಡಲಿನದೆಲ್ಲ ಅಮೃತ, ಸಾಕಿದ್ದೆಲ್ಲ ಕಸ ಎಂದು ನಾನು ಹೇಳುತ್ತಿಲ್ಲ. ಅಂಥ ಮಾತು ಹೇಳಿದರೆ ನಿಮಗೂ ನನಗೂ ವ್ಯತ್ಯಾಸ ಇರುವುದಿಲ್ಲ. ಒಮೇಗಾ-3 ಅನ್ನು ಮೀನು ಹೆಚ್ಚಾಗಿ ತಾನೇ ತಯಾರಿಸುವುದಿಲ್ಲ, ತಿಂದು ಪಡೆಯುತ್ತದೆ. ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಅದನ್ನು ತಯಾರಿಸುತ್ತದೆ. ಪಾಚಿಯನ್ನು ಪುಟ್ಟ ಜೀವಿಗಳು ತಿನ್ನುತ್ತವೆ, ಅವನ್ನು ಬೂತಾಯಿ ತಿನ್ನುತ್ತದೆ, ಬೂತಾಯಿಯನ್ನು ನಾವು ತಿನ್ನುತ್ತೇವೆ. ಹೊಂಡದ ಗೆಂಡೆಗೆ ತೌಡು, ಹಿಂಡಿ, ಜೋಳದ ನುಚ್ಚು ಹಾಕಿದರೆ ಅದರ ಮೈಯಲ್ಲಿ ತೌಡಿನ, ಹಿಂಡಿಯ ಕೊಬ್ಬೇ ಕೂರುತ್ತದೆ. ಒಮೇಗಾ-6 ಎಂಬ ಇನ್ನೊಂದು ಪಂಗಡ ಅದರಲ್ಲಿ ಹೆಚ್ಚು. ಅದು ವಿಷವಲ್ಲ. ಆ ಗೆಂಡೆಯಲ್ಲಿ ಮಕ್ಕಳ ಮೈಗೆ ಬೇಕಾದ ಪ್ರೋಟೀನು ಧಾರಾಳವಾಗಿದೆ, ಅತ್ತಿಗೆ ಅದನ್ನು ದಿನಾ ಮಾರುತ್ತಿದ್ದರು, ನಾವಿಬ್ಬರೂ ದಿನ ಬಿಟ್ಟು ದಿನ ತಿನ್ನುತ್ತೇವೆ. ಬೂತಾಯಿಯದೂ ವರ್ಷವಿಡೀ ಒಂದೇ ಕಥೆಯಲ್ಲ. ಮೊಟ್ಟೆ ಇಟ್ಟು ಸೊರಗಿದ ಕಾಲದಲ್ಲಿ ಅದರಲ್ಲಿ ಎಣ್ಣೆಯೇ ಇರುವುದಿಲ್ಲ. ಹೀಗೆ ಮೀನು, ಮೇವು, ಕಾಲ ಮೂರನ್ನೂ ನೋಡಿ ಹೇಳಬೇಕಾದ ಮಾತನ್ನು ನೀವು ಒಂದು ಅಂಕಿಗೆ ಇಳಿಸಿದಿರಿ. ನನ್ನ ಪಾದದ ಅಳತೆ ಐದು, ನಿಮ್ಮದು ಒಂಬತ್ತು ಇರಬಹುದು. ಇಬ್ಬರಿಗೂ ಏಳರ ಚಪ್ಪಲಿ ಕೊಟ್ಟು "ಕಾಲು ಯಾವುದಾದರೇನು, ನಡಿಗೆ ಒಂದೇ" ಎಂದು ಫಲಕ ಹಾಕಿಸುತ್ತೀರಾ?

ಈ ಅಂಕಿಯನ್ನು ನಂಬಿದವರು ಯಾರು ಗೊತ್ತೇ? ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಅವರಿಗೆ ಹೋದ ವರ್ಷ ಹೃದಯಾಘಾತವಾಗಿತ್ತು. ವಾರಕ್ಕೆರಡು ಸಲ ಎಣ್ಣೆಯಂಶದ ಮೀನು ತಿನ್ನಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಅವರು ಅತ್ತಿಗೆಗೆ ತೋರಿಸುತ್ತಿದ್ದರು, ಅತ್ತಿಗೆ ಆಯಾ ವಾರ ಯಾವುದು ಚೆನ್ನಾಗಿದೆಯೋ ಅದನ್ನು ಕೊಡುತ್ತಿದ್ದರು. "ಮೇಷ್ಟ್ರೇ, ಈ ವಾರ ಬೂತಾಯಿ ಸೊರಗಿದೆ, ಬಂಗುಡೆ ತಗೊಳ್ಳಿ. ಗೆಂಡೆ ಮೊಮ್ಮಗಳಿಗೆ ಇರ್ಲಿ." ಇದು ಅವರು ಕೊಡುತ್ತಿದ್ದ ಪೌಷ್ಟಿಕ ಮಾಹಿತಿ. ಇದಕ್ಕೆ ಅಚ್ಚು ಬೇಕಿರಲಿಲ್ಲ, ಮೊಳೆ ಬೇಕಿರಲಿಲ್ಲ. ಈಗ ಕಟ್ಟೆ ಮುಚ್ಚಿದೆ. ಮೊನ್ನೆ ಮೇಷ್ಟ್ರು ಬೇರೆ ಅಂಗಡಿಯಿಂದ ತಿಲಾಪಿಯಾದ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೇಳಿದರು.

"ಮೇಷ್ಟ್ರೇ, ಇದೇ ತಗೊಂಡ್ರಾ?"

"ಎಲ್ಲಾ ಒಂದೇ ಅಂತ ಬರೆದಿದಾರಲ್ಲಮ್ಮ. ಮುಳ್ಳೂ ಕಮ್ಮಿ."

"ಬರೆದಿದಾರೆ, ಸರಿ."

"ಇಲಾಖೆಯವರು ಅಳೆಯದೆ ಬರೀತಾರಾ? ನಾನು ನಲವತ್ತು ವರ್ಷ ಅಚ್ಚಾದದ್ದನ್ನೇ ಮಕ್ಕಳಿಗೆ ಪಾಠ ಮಾಡ್ದೋನು."

ಅತ್ತಿಗೆ ಮುಂದೆ ಮಾತಾಡಲಿಲ್ಲ, ಏಕೆಂದರೆ ಮಾತಾಡುವುದೇ ಅವರ ಮೇಲಿರುವ ಆರೋಪ. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಆ ಮನುಷ್ಯ ನಿಮ್ಮ ಫಲಕವನ್ನು ನಂಬಿ ಅದಕ್ಕೆ ತಮ್ಮ ಎದೆಯನ್ನೇ ಒಪ್ಪಿಸಿ ನಡೆದುಹೋದರು, ಪೊಟ್ಟಣವನ್ನು ಜೋಪಾನವಾಗಿ ಹಿಡಿದುಕೊಂಡು.

ಆದರೆ ನೀವು ಆ ಫಲಕವನ್ನು ನಂಬಿದವರಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಅತ್ತಿಗೆ "ಬೇಡ, ಸಾಹೇಬ್ರ ಕಾರಿನ ಡ್ರೈವರ್ ಅವನು, ಹೊಟ್ಟೆಪಾಡಿನೋನು" ಎಂದರು. ಆದರೆ ಡ್ರೈವರಿನದು ಇದರಲ್ಲಿ ತಪ್ಪೇನೂ ಇಲ್ಲ, ಅದಕ್ಕೇ ಬರೆಯುತ್ತೇನೆ. ಫಲಕ ಗೋಡೆಗೆ ಬಂದ ಮೇಲೂ ನಿಮ್ಮ ಕಾರು ವಾರಕ್ಕೊಮ್ಮೆ ಮಾರುಕಟ್ಟೆಯ ಹಿಂಬಾಗಿಲಿಗೆ ಬರುತ್ತಿತ್ತು. "ಸಾಹೇಬ್ರಿಗೆ ಕಡಲದೇ ಬೇಕಂತೆ, ಸಾಕಿದ್ದು ಕೊಟ್ಟುಬಿಡಬೇಡಿ" ಎನ್ನುವುದು ನಿಮ್ಮ ಮನೆಯಿಂದ ಬರುತ್ತಿದ್ದ ಖಾಯಂ ಮಾತು. ಅತ್ತಿಗೆ ಫಲಕದ ಕೆಳಗೇ ಕೂತು ನಿಮಗೆ ಬೂತಾಯಿ ಆರಿಸಿ ಕೊಟ್ಟಿದ್ದಾರೆ. ಪೋಷಣೆ ಒಂದೇ ಆಗಿದ್ದರೆ ನಿಮ್ಮ ನಾಲಿಗೆಗೆ ಈ ಭೇದಭಾವ ಯಾಕೆ? ಊರಿನವರ ಕಿವಿಗೆ ಹೂವಿಟ್ಟು ನೀವು ಮಾತ್ರ ತಟ್ಟೆಯ ಮುಂದೆ ಜಾಣರಾಗುವುದು ಯಾವ ಇಲಾಖೆಯ ಪದ್ಧತಿ?

ಇನ್ನೊಬ್ಬರ ವಿಷಯವೂ ಇದೆ. ಮೀನು ಸಾಕುವವರ ಪರವಾಗಿ ಫಲಕ ಮಾಡಿದ್ದೇವೆ ಎಂದು ನೀವು ಸಭೆಯಲ್ಲಿ ಹೇಳಿದಿರಂತೆ. ಊರಿನ ಅಂಚಿನಲ್ಲಿ ಎರಡು ಹೊಂಡ ತೋಡಿ ಗೆಂಡೆ ಸಾಕುವ ಒಬ್ಬರಿದ್ದಾರೆ. ಮಾರುಕಟ್ಟೆಯಲ್ಲಿ ಅವರನ್ನು ಹೊಂಡದಣ್ಣ ಎಂದೇ ಕರೆಯುವುದು. ಹದಿನಾಲ್ಕು ವರ್ಷದಿಂದ ಅವರು ಪ್ರತಿ ಮಧ್ಯಾಹ್ನ ಅತ್ತಿಗೆಯ ಕಟ್ಟೆಗೆ ಬಂದು ಬೂತಾಯಿ, ಬಂಗುಡೆಗಳ ತಲೆ, ಕರುಳು, ಬಾಲ ಎಲ್ಲವನ್ನೂ ಎರಡು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಅದನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿ, ಅಗಸೆ ಬೀಜದ ಜೊತೆ ತೌಡಿಗೆ ಬೆರೆಸಿ ಗೆಂಡೆಗೆ ಹಾಕುವುದು ಅವರ ಪದ್ಧತಿ. ಅವರ ಗೆಂಡೆ ಸೀಳಿದರೆ ಕತ್ತಿಗೆ ಮೇಣ ಮೆತ್ತುವುದಿಲ್ಲ. "ಇದು ಕಡಲಿಗೆ ಹೋಗಿ ಬಂದ ಗೆಂಡೆ" ಎಂದು ಅತ್ತಿಗೆ ಗಿರಾಕಿಗಳಿಗೆ ಎತ್ತಿ ತೋರಿಸುತ್ತಿದ್ದರು. ಕಟ್ಟೆ ಮುಚ್ಚಿದ ಮೇಲೆ ಹೊಂಡದಣ್ಣ ಖಾಲಿ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು.

"ಅಕ್ಕಾ, ಬರೀ ತೌಡು ಹಾಕೋನ ಮೀನಿಗೂ ಒಂದು ಗ್ರಾಂ, ನನ್ ಮೀನಿಗೂ ಒಂದು ಗ್ರಾಂ. ಹಂಗಾದ್ರೆ ನಾನ್ಯಾಕೆ ಇಷ್ಟು ವರ್ಷ ಈ ನಾತ ಹೊತ್ಕೊಂಡು ತಿರುಗ್ದೆ?"

"ನಿನ್ ಮೀನು ತಿಂದೋರಿಗೆ ಗೊತ್ತು ಬಿಡು" ಎಂದರು ಅತ್ತಿಗೆ.

"ತಿಂದೋರು ಗೋಡೆ ಮೇಲೆ ನೇತಾಡ್ತಾರಾ ಅಕ್ಕಾ? ಫಲಕ ನೇತಾಡುತ್ತೆ."

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ದಯಮಾಡಿ ಪತ್ರಿಕೆಗೆ ಕಳಿಸಿ. ಒಳ್ಳೆಯ ಮೇವು ಹಾಕುವವನಿಗೂ ಕೆಟ್ಟ ಮೇವು ಹಾಕುವವನಿಗೂ ಒಂದೇ ಅಂಕಿ ಕೊಟ್ಟು, ಕಷ್ಟಪಟ್ಟವನನ್ನು ಪೆದ್ದನನ್ನಾಗಿ ಮಾಡಿ, ಅದಕ್ಕೆ ಪ್ರೋತ್ಸಾಹ ಎಂದು ಹೆಸರಿಟ್ಟ ಮೊದಲ ಇಲಾಖೆ ನಿಮ್ಮದೇ ಇರಬೇಕು. ಆ ಹೊಂಡದಲ್ಲಿ ಈಗ ಬರೀ ತೌಡು ಬೀಳುತ್ತಿದೆ.

ಫಲಕದ ಮೀನನ್ನು ಮಾಡಿದವಳು ನಾನೇ ಎಂದು ಅತ್ತಿಗೆಗೆ ಮೊದಲು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ನೋಟಿಸು ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಮನೆಯಲ್ಲಿ ನಾವಿಬ್ಬರೇ; ಅಣ್ಣ ಹೋಗಿ ಒಂಬತ್ತು ವರ್ಷವಾಯಿತು. ಈ ಅತ್ತಿಗೆ ಮನೆಗೆ ಬಂದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಮೀನು ಸುಲಿಯಲು ಕಲಿಸಿದವರು ಅವರೇ. ಈ ಕೆಲಸದ ಸಂದರ್ಶನದಲ್ಲಿ ಮುಳ್ಳು ಬಿಡಿಸಿ ತೋರಿಸು ಎಂದಾಗ ನಾನು ಎರಡು ನಿಮಿಷದಲ್ಲಿ ಬಿಡಿಸಿದ್ದು ಅವರ ಕೈಗುಣ. ಅದೇ ಕೈಯಿಂದ ನಾನು ಅವರ ಕಟ್ಟೆಗೆ ಕಲ್ಲು ಹಾಕಿದ್ದೆ. ಎಲ್ಲವನ್ನೂ ಹೇಳಿ ಮುಗಿಸಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅಂದ್ರೆ ಆ ಗೋಡೆ ಮೇಲಿನ ಮೀನು ಹೆತ್ತೋಳು ನೀನಾ?"

"ಹೂಂ ಅತ್ತಿಗೆ."

"ಅದಕ್ಕೇ ಮೂತಿ ಎಲ್ಲೋ ನೋಡಿದಂಗಿತ್ತು."

ಅಷ್ಟು ಹೇಳಿ ನಕ್ಕರು. ಫಲಕದ ಚಿತ್ರದ ಮೀನಿಗೆ ಗೆಂಡೆಯ ಹುರುಪೆ, ಬಂಗುಡೆಯ ಬಾಲ, ಯಾವುದೋ ಮೂರನೆಯದರ ಮೀಸೆ. ಅದನ್ನು ನೆನೆದು ನಾನೂ ನಕ್ಕೆ. ನಗುತ್ತಿದ್ದ ಅವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡರು, ಮತ್ತೆ ಬಂತು. ಆಮೇಲೆ ಅವರು ನಗುತ್ತಿರಲಿಲ್ಲ. "ಆ ಕಟ್ಟೆ ಬಿಟ್ರೆ ನಂಗೆ ಬೇರೆ ಜಾಗ ಗೊತ್ತಿಲ್ಲ ಕಣೇ" ಎಂದರು. ಇಷ್ಟು ವರ್ಷದಲ್ಲಿ ಅವರು ಭಯವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಟ್ಟೆ ಎತ್ತಿಕೊಂಡು ಏಳುವಾಗ ತಿರುಗಿ ನೋಡದೆ ಇನ್ನೊಂದು ಮಾತು ಹೇಳಿದರು: "ಹೆತ್ತಿದೀಯ, ಇನ್ನು ನೀನೇ ನೋಡ್ಕೋ ಅದನ್ನ."

ಅದಕ್ಕಾಗಿ ಈ ಪತ್ರ. ನೋಡಿಕೊಳ್ಳುತ್ತಿದ್ದೇನೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಒಳ್ಳೆಯ ನಿಯಮವಿದೆ. ನೀವು ಮಾಡಿದ್ದಲ್ಲ, ನಿಮಗಿಂತ ಹಿಂದಿನವರು ಯಾರೋ ಮಾಡಿದ್ದು. ಅರೆದ ಪ್ರತಿಯೊಂದು ಮಾದರಿಯಲ್ಲೂ ಒಂದು ಪಾಲನ್ನು ಬಾಟಲಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ವರದಿಯ ದಿನದಿಂದ ಒಂದು ವರ್ಷ ಕೊರೆಯುವ ಪೆಟ್ಟಿಗೆಯಲ್ಲಿ, ಅಂದರೆ ಫ್ರೀಜರಿನಲ್ಲಿ, ಕಾಪಾಡಬೇಕು. ಮುಂದೆ ಯಾರಾದರೂ ಅಂಕಿಯನ್ನು ಪ್ರಶ್ನಿಸಿದರೆ ಮತ್ತೆ ಅಳೆಯಲಿಕ್ಕೆ. ಇದಕ್ಕೆ ಉಳಿಕೆ ಮಾದರಿ ಎನ್ನುತ್ತೇವೆ. ನಾನು ಐದನ್ನೂ ಮೊದಲು ಬೇರೆ ಬೇರೆ ಅರೆದಿದ್ದೆ ಎಂದು ಆಗಲೇ ಹೇಳಿದೆನಲ್ಲ. ಹಾಗಾಗಿ ಉಳಿಕೆಯನ್ನೂ ಬೇರೆ ಬೇರೆಯೇ ತೆಗೆದಿಟ್ಟೆ. ಐದು ಬಾಟಲಿ, ಐದು ಚೀಟಿ, ನನ್ನ ಕೈಬರಹ. ಕೆಳಗಿನಿಂದ ಎರಡನೆಯ ಅರೆ, ಎಡಭಾಗ. ಫಾರಂನಲ್ಲಿ ಒಂದೇ ಸಾಲು ಇತ್ತು, ನಿಜ. ಆದರೆ ಕೊರೆಯುವ ಪೆಟ್ಟಿಗೆಗೆ ನಿಮ್ಮ ಫಾರಂ ಅನ್ವಯಿಸುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ನೋಟಿಸಿಗೆ ಅತ್ತಿಗೆ ಕೊಟ್ಟ ಉತ್ತರದಲ್ಲಿ ಆ ಐದು ಬಾಟಲಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂದು ಕೇಳಿಕೊಂಡಿದ್ದರು. ಬರೆದವಳು ನಾನು, ಸಹಿ ಅವರದು. ಸೋಮವಾರ ಅದು ನಿಮ್ಮ ಕಚೇರಿಗೆ ಮುಟ್ಟಿತು. ಬುಧವಾರ ನನ್ನ ಮೇಜಿಗೆ ಒಂದು ಟಿಪ್ಪಣಿ ಬಂತು: "ಸ್ಥಳಾವಕಾಶದ ಕೊರತೆಯಿಂದ ಮೀನಿನ ಉಳಿಕೆ ಮಾದರಿಗಳನ್ನು ತಕ್ಷಣ ವಿಲೇವಾರಿ ಮಾಡುವುದು." ವರದಿ ಬಂದು ಐದೇ ತಿಂಗಳಾಗಿದೆ, ಅವಧಿ ಮುಗಿಯಲು ಇನ್ನೂ ಏಳು ತಿಂಗಳಿದೆ. ಸ್ಥಳದ ಕೊರತೆ ನಿಜವೇ ಎಂದು ಪೆಟ್ಟಿಗೆ ತೆರೆದು ನೋಡಿದೆ. ಮೇಲಿನ ಅರೆಯಲ್ಲಿ ಒಂದು ಮಾದರಿಯೂ ಇರಲಿಲ್ಲ. ಅಲ್ಲಿ ಯಾರೋ ತಮ್ಮ ಐಸ್‌ಕ್ರೀಂ ಡಬ್ಬಿ ಇಟ್ಟಿದ್ದರು. ಆ ಡಬ್ಬಿಗೆ ಜಾಗ ಸಾಲದೆಂದು ಐದು ಮೀನುಗಳ ಸತ್ಯವನ್ನು ಚರಂಡಿಗೆ ಸುರಿಯಬೇಕಂತೆ. ಸುಳ್ಳು ಹೇಳುವುದಾದರೆ ಸ್ವಲ್ಪ ತಲೆ ಓಡಿಸಿಯಾದರೂ ಹೇಳಬಾರದಿತ್ತೇ?

ಆ ಬಾಟಲಿಗಳಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ತಟ್ಟೆ ತೊಳೆದ ಅನುಭವದಿಂದ ಊಹಿಸಬಲ್ಲೆ, ಅಷ್ಟೇ. ಯಾರಿಗೆ ಗೊತ್ತು, ನನ್ನ ಊಹೆಯೇ ತಪ್ಪಾಗಿ ಐದೂ ಒಂದೇ ಎಂದು ಯಂತ್ರ ಹೇಳಿದರೆ, ಅತ್ತಿಗೆಯನ್ನು ನಾನೇ ಕರೆತಂದು ನಿಮ್ಮ ಮುಂದೆ ತಪ್ಪೊಪ್ಪಿಗೆ ಬರೆಸುತ್ತೇನೆ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಣ ಎಂದು ಮೀನು ಮಾರುವವರು ಕೇಳುತ್ತಿದ್ದಾರೆ, ಚರಂಡಿಗೆ ಸುರಿಯಿರಿ ಎಂದು ಗುಣಮಟ್ಟ ಇಲಾಖೆ ಹೇಳುತ್ತಿದೆ. ನಿಮ್ಮ ಕಟ್ಟಡದ ಹೆಸರಿನ ಹಲಗೆಯನ್ನು ಇಳಿಸಿ ಅತ್ತಿಗೆಯ ಕಟ್ಟೆಗೆ ಹಾಕಿದರೆ ಹೆಚ್ಚು ಒಪ್ಪುತ್ತದೆ.

ಉಳಿಕೆ ಮಾದರಿಯನ್ನು ಎಸೆಯಬೇಕಾದರೆ ವಿಲೇವಾರಿ ಪುಸ್ತಕದಲ್ಲಿ ಮಾದರಿ ತಯಾರಿಸಿದವರ ಸಹಿ ಬೇಕು. ಅದೂ ಆ ಹಿಂದಿನವರು ಮಾಡಿದ ನಿಯಮವೇ. ನಿಮ್ಮಂಥವರು ಬರಬಹುದೆಂದು ಅವರಿಗೆ ಅನುಮಾನವಿತ್ತೋ ಏನೋ. ನಾನು ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ನೌಕರರ ನಡತೆ ನಿಯಮದ ಪ್ರಕಾರ ನಾನು ಪತ್ರಿಕೆಗೆ ಹೀಗೆ ಬರೆಯುವಂತಿಲ್ಲ ಎಂಬುದು ನನಗೆ ಗೊತ್ತು. ಏಳು ತಿಂಗಳ ಹಿಂದೆ ಒಂದು ಫಾರಂಗೆ ಹೆದರಿ ಬಾಯಿ ಮುಚ್ಚಿಕೊಂಡದ್ದರ ಫಲವನ್ನು ಈಗ ಮನೆಯಲ್ಲಿ ದಿನಾ ನೋಡುತ್ತಿದ್ದೇನೆ. ಅತ್ತಿಗೆ ಬೆಳಿಗ್ಗೆ ಐದಕ್ಕೆ ಅಭ್ಯಾಸಬಲದಿಂದ ಎದ್ದು, ಹೋಗಲು ಎಲ್ಲೂ ಇಲ್ಲದೆ, ಹಿತ್ತಲಿನ ಕಲ್ಲಿನ ಮೇಲೆ ಕೂತು, ಮೊಂಡಾಗದ ಕತ್ತಿಯನ್ನೇ ಮತ್ತೆ ಮತ್ತೆ ಮಸೆಯುತ್ತಾರೆ. ಆ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಇನ್ನೊಮ್ಮೆ ಬಾಯಿ ಮುಚ್ಚಿಕೊಳ್ಳಲು ನನ್ನಿಂದಾಗದು.

ಬೇಡಿಕೆ ಇಷ್ಟು. ಗುರುವಾರದ ಮೊದಲು ಆ ಐದು ಬಾಟಲಿಗಳನ್ನು ಬೇರೆ ಬೇರೆಯಾಗಿ, ಅತ್ತಿಗೆ ಮತ್ತು ಹೊಂಡದಣ್ಣನ ಎದುರಿಗೆ ಯಂತ್ರಕ್ಕೆ ಹಾಕಿಸಿ. ಹೊಂಡದಣ್ಣನ ಗೆಂಡೆಯನ್ನೂ ಒಂದು ತಂದು ಅಳೆಯಿರಿ. ಬಂದ ಅಂಕಿಗಳನ್ನು ಫಾರಂನಲ್ಲಿ ಗೆರೆ ಎಳೆದು ಬರೆಯಿರಿ. ಸ್ಕೇಲು ಇಲ್ಲದಿದ್ದರೆ ನನ್ನ ಮೇಜಿನಲ್ಲಿದೆ. ಮೇಷ್ಟ್ರಂಥವರಿಗೆ ಯಾವ ಮೀನು ಯಾವುದಕ್ಕೆ ಒಳ್ಳೆಯದು ಎಂದು ತಿಳಿಯುವ ಹಾಗೆ ಹೊಸ ಫಲಕ ಮಾಡಿಸಿ. ಅತ್ತಿಗೆಯ ಕಟ್ಟೆಯನ್ನು ಅವರಿಗೆ ಬಿಟ್ಟುಕೊಡಿ.

ಇಷ್ಟೆಲ್ಲ ನಿಮ್ಮಿಂದಾಗದು, ತಪ್ಪೊಪ್ಪಿಗೆಯೇ ಬೇಕು ಎನ್ನುವುದಾದರೆ ಅದಕ್ಕೂ ಅತ್ತಿಗೆ ಸಿದ್ಧ. ನಿನ್ನೆ ನನ್ನನ್ನು ಕೂರಿಸಿಕೊಂಡು ಬರೆಸಿದ್ದಾರೆ, ಸಹಿಯನ್ನೂ ಹಾಕಿ ಇಟ್ಟಿದ್ದಾರೆ. ಒಂದೇ ಒಂದು ಷರತ್ತು. ಗುರುವಾರ ಹನ್ನೊಂದಕ್ಕೆ ಅವರು ಕತ್ತಿ, ಮಣೆ ಹಿಡಿದುಕೊಂಡು ನಿಮ್ಮ ಕೊಠಡಿಗೆ ಬರುತ್ತಾರೆ. ನಿಮ್ಮ ಮೇಜಿನ ಮೇಲೆ ಆ ಫಲಕದ ಮೀನು ಇರಬೇಕು. ಅದೊಂದನ್ನು ತೋರಿಸಿ. ಅವರೇ ಸುಲಿದು, ತೊಳೆದು, ತುಂಡು ಮಾಡಿ ನಿಮ್ಮ ಡ್ರೈವರಿನ ಕೈಗೆ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಅದನ್ನು ತಿಂದ ಮೇಲೆ ಕಟ್ಟೆ ನಿಮ್ಮದು.

ಇಂತಿ,

ಆ ಮೀನನ್ನು ಹೆತ್ತ ತಪ್ಪಿಗೆ ಅದರ ವಿರುದ್ಧವೇ ಸಾಕ್ಷಿ ಹೇಳಲು ಬರುತ್ತಿರುವ,
ನೆಲಮಹಡಿಯ ಮಾದರಿ ಸಹಾಯಕಿ
(ಈ ಪತ್ರ ನಿಮ್ಮ ಮೇಜಿಗೆ ಬರುವ ತನಕವಾದರೂ)